ಟ್ರಾವೆಲರ್ಸ್ ಪಾಮ್: ಗುಂಡಿ ತೋಡುವ ಮೊದಲು ಜಾಗ ಅಳೆಯಿರಿ

ರೆಸಾರ್ಟಿನ ಗೇಟಿನ ಪಕ್ಕದಲ್ಲೋ ಕಲ್ಯಾಣ ಮಂಟಪದ ಮುಂದೆಯೋ ನವಿಲು ಗರಿ ಬಿಚ್ಚಿದ ಹಾಗೆ ನಿಂತ ದೊಡ್ಡ ಗಿಡವನ್ನು ನೀವು ನೋಡಿಯೇ ಇರುತ್ತೀರಿ. ಅದೇ ಟ್ರಾವೆಲರ್ಸ್ ಪಾಮ್. ಪಾಮ್ ಎಂದು ಕರೆದರೂ ಇದು ತೆಂಗು, ಅಡಿಕೆಯ ಕುಲದ್ದಲ್ಲ. ಬಾಳೆಯ ನೆಂಟ, ಬರ್ಡ್ ಆಫ್ ಪ್ಯಾರಡೈಸ್ ಹೂಗಿಡದ ದಾಯಾದಿ. ತವರು ಮಡಗಾಸ್ಕರ್ ದ್ವೀಪ. ಅಲ್ಲಿ ಲೀಮರ್‌ಗಳು, ಅಂದರೆ ಕೋತಿಗಳ ದೂರದ ಬಂಧುಗಳು, ಮಕರಂದ ಕುಡಿಯಲು ಬಂದು ಪರಾಗಸ್ಪರ್ಶ ಮಾಡಿಸುತ್ತವೆ. ಕಾಯಿ ಒಡೆದರೆ ಒಳಗಿನ ಬೀಜಕ್ಕೆ ಕಣ್ಣು ಕುಕ್ಕುವ ನೀಲಿ ಹೊದಿಕೆ.

ದಾರಿಹೋಕರಿಗೆ ನೀರು ಕೊಡುವ ಮರ ಎಂಬ ಮಾತು ಕೇಳಿರಬಹುದು. ಅದು ಅರ್ಧ ನಿಜ. ಎಲೆದಂಟಿನ ಬುಡ ದೋಣಿಯಾಕಾರದಲ್ಲಿದ್ದು, ಮಳೆನೀರು ಅಲ್ಲಿ ಇಳಿದು ನಿಲ್ಲುತ್ತದೆ. ಬುಡಕ್ಕೆ ಚಾಕು ಚುಚ್ಚಿದರೆ ನೀರು ಸುರಿಯುವುದೂ ಹೌದು. ಆದರೆ ಅದರಲ್ಲಿ ಸತ್ತ ಇರುವೆ, ಕೊಳೆತ ಕಸ, ಸೊಳ್ಳೆ ಮರಿ ಎಲ್ಲವೂ ಇರುತ್ತವೆ. ಕುಡಿಯುವ ಸಾಹಸ ಬೇಡ.

ಇದರ ಬೀಸಣಿಗೆ ಸದಾ ಪೂರ್ವ-ಪಶ್ಚಿಮಕ್ಕೇ ಚಾಚಿರುತ್ತದೆ ಎಂಬುದಂತೂ ಶುದ್ಧ ಕಟ್ಟುಕತೆ. ನಮಗೆ ಅದೇ ಅನುಕೂಲ, ದಿಕ್ಕನ್ನು ನಾವೇ ಆರಿಸಬಹುದು. ಎಲೆಗಳು ಎಡಕ್ಕೊಂದು ಬಲಕ್ಕೊಂದು, ಎರಡೇ ಸಾಲಿನಲ್ಲಿ ಹುಟ್ಟುತ್ತವೆ. ಸಸಿಯನ್ನು ಮೇಲಿನಿಂದ ನೋಡಿ. ಎಲೆದಂಟುಗಳೆಲ್ಲ ಒಂದೇ ಗೆರೆಯಲ್ಲಿ ಕೂತಿರುತ್ತವೆ. ಆ ಗೆರೆ ಕಾಂಪೌಂಡ್ ಗೋಡೆಗೆ ಸಮಾಂತರವಾಗಿರುವಂತೆ ನೆಟ್ಟರೆ ಬೀಸಣಿಗೆಯ ಮುಖ ಪೂರ್ತಿ ಅಂಗಳದತ್ತ ತೆರೆದುಕೊಳ್ಳುತ್ತದೆ. ಅಡ್ಡಲಾಗಿ ನೆಟ್ಟಿರೋ, ನಿಮಗೆ ಕಾಣುವುದು ಅದರ ಅಂಚು ಮಾತ್ರ. ಎಲೆಗಳು ಪಕ್ಕದ ಮನೆಯವರ ಬಾಲ್ಕನಿಗೆ ನುಗ್ಗುತ್ತವೆ. ಬೇರೂರಿದ ಮೇಲೆ ತಿರುಗಿಸುವುದು ಆಗದ ಕೆಲಸ. ತೀರಾ ಎಳೆಯ ಸಸಿಯಲ್ಲಿ ಈ ಗೆರೆ ಸ್ಪಷ್ಟವಿರುವುದಿಲ್ಲ. ಐದಾರು ಎಲೆ ಬಿಟ್ಟಿದ್ದನ್ನೇ ಕೊಳ್ಳಿ.

ಜಾಗ ಎಷ್ಟು ಬೇಕು? ಬಲಿತ ಗಿಡದ ಹರವು 15ರಿಂದ 20 ಅಡಿ. ಎತ್ತರ 30 ಅಡಿ ದಾಟುವುದೂ ಉಂಟು. ಗೋಡೆಯಿಂದ ಏಳೆಂಟು ಅಡಿ ಬಿಡಿ. ಮೇಲೆ ಕರೆಂಟಿನ ತಂತಿ ಇದ್ದರೆ ಆಸೆ ಬಿಡುವುದೇ ಒಳ್ಳೆಯದು. 30-40ರ ಸೈಟಿನಲ್ಲಿ ಮನೆ ಕಟ್ಟಿ ಉಳಿದ ಜಾಗಕ್ಕೆ ಇದು ಹೇಳಿದ್ದಲ್ಲ. ಅಂಥವರು ನಾಲ್ಕು ವರ್ಷ ದೊಡ್ಡ ಕುಂಡದಲ್ಲಿ ಸಾಕಿ, ಆಮೇಲೆ ಜಾಗವಿರುವ ನೆಂಟರಿಗೆ ಕೊಡಬಹುದು.

ಕರಾವಳಿ, ಮಲೆನಾಡಿನಲ್ಲಿ ಹುಲುಸಾಗಿ ಬೆಳೆಯುತ್ತದೆ. ಬೆಂಗಳೂರಿನಲ್ಲಿ ಕೊಂಚ ನಿಧಾನ. ಬಳ್ಳಾರಿ, ಕಲಬುರಗಿ ಕಡೆಯವರು ಬಿಸಿಗಾಳಿ ನೇರವಾಗಿ ಬಡಿಯದ ಜಾಗ ಹುಡುಕಬೇಕು, ಬೇಸಿಗೆಯಲ್ಲಿ ಕೈಬಿಡದೆ ನೀರುಣಿಸಬೇಕು.

ನೆಡಲು ಜೂನ್ ಸರಿ. ಎರಡೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ. ಮೇಲ್ಮಣ್ಣಿಗೆ ಕಳಿತ ಕೊಟ್ಟಿಗೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ. ಎರೆಮಣ್ಣಾದರೆ ಮರಳನ್ನೂ ಸೇರಿಸಿ. ನೀರು ಬೇಕು, ಆದರೆ ಬುಡದಲ್ಲಿ ನಿಲ್ಲಬಾರದು. ಎಳೆಯದಿದ್ದಾಗ ಅರೆನೆರಳು ಸಾಕು, ಬೆಳೆದ ಮೇಲೆ ಪೂರ್ತಿ ಬಿಸಿಲು ಬೇಕು. ವರ್ಷಕ್ಕೆ ಎರಡು ಸಲ ಗೊಬ್ಬರ ಕೊಡಿ.

ಎಲೆ ಸೀಳಿದೆ, ರೋಗವೇ ಎಂದು ಹಲವರು ಗಾಬರಿಯಾಗುತ್ತಾರೆ. ಬಾಳೆ ಎಲೆ ಸೀಳಿದಂತೆಯೇ ಇದೂ ಗಾಳಿಯ ಕೆಲಸ. ಅಂಚು ಕಂದಾಗಿ ಒಣಗುತ್ತಿದ್ದರೆ ಮೊದಲು ನೀರು ಸಾಲುತ್ತಿದೆಯೇ ನೋಡಿ. ಹಳೆಯ ಎಲೆಗಳು ಮಾತ್ರ ಹಳದಿಯಾಗುತ್ತಿದ್ದರೆ ಪೊಟ್ಯಾಶ್ ಅಥವಾ ಮೆಗ್ನೀಸಿಯಂ ಕೊರತೆ ಇರಬಹುದು.

ಬುಡದಲ್ಲಿ ಕಂದುಗಳು ಏಳುತ್ತಲೇ ಇರುತ್ತವೆ. ಬಿಟ್ಟರೆ ಮೆಳೆಯಾಗಿ ಬೀಸಣಿಗೆಯ ಅಂದವೇ ಮುಚ್ಚಿಹೋಗುತ್ತದೆ. ಬೇಡವಾದವನ್ನು ಎಳೆಯದಿದ್ದಾಗಲೇ ಹಾರೆಯಿಂದ ಮೀಟಿ ತೆಗೆಯಿರಿ. ಬೇರು ಸಮೇತ ಬಂದರೆ ಅದೇ ಹೊಸ ಸಸಿ. ಬೀಜದಿಂದಲೂ ಬೆಳೆಸಬಹುದು, ಮೊಳಕೆಗೆ ತಿಂಗಳುಗಟ್ಟಲೆ ಕಾಯುವ ತಾಳ್ಮೆ ಇದ್ದರೆ. ಒಣಗಿದ ಎಲೆಯನ್ನು ಆಗಾಗ ಕತ್ತರಿಸಿ. ಮೇಲಿನಿಂದ ಬೀಳುವ ದಂಟು ಭಾರವಾಗಿರುತ್ತದೆ, ಕೆಳಗೆ ಮಕ್ಕಳು ಆಡದಂತೆ ನೋಡಿಕೊಳ್ಳಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ದಂಟಿನ ಸಂದುಗಳಿಗೆ ಪೈಪಿನಿಂದ ರಭಸವಾಗಿ ನೀರು ಹಾಯಿಸಿದರೆ ಸೊಳ್ಳೆ ಕಾಟ ತಗ್ಗುತ್ತದೆ. ಮಲಗುವ ಕೋಣೆಯ ಕಿಟಕಿ ಪಕ್ಕ ನೆಡದಿರುವುದು ಇನ್ನೂ ಕ್ಷೇಮ.

ಬೆಲೆ ಗಿಡದ ಎತ್ತರದ ಮೇಲೆ. ಪ್ಲಾಸ್ಟಿಕ್ ಚೀಲದ ಸಸಿ ಕೆಲವು ನೂರು ರೂಪಾಯಿಗೆ ಬರುತ್ತದೆ, ಆಳೆತ್ತರದ್ದು ಸಾವಿರಗಳ ಲೆಕ್ಕ. ಬೆಂಗಳೂರಿನವರು ಲಾಲ್‌ಬಾಗ್‌ನ ನರ್ಸರಿಮೆನ್ ಸಹಕಾರ ಸಂಘದಲ್ಲಿ, ಬೇರೆ ಊರಿನವರು ಹತ್ತಿರದ ಖಾಸಗಿ ನರ್ಸರಿಗಳಲ್ಲಿ ವಿಚಾರಿಸಿ. ಸಗಟಾಗಿ ಬೇಕಿದ್ದವರು ಆಂಧ್ರದ ರಾಜಮಂಡ್ರಿ ಬಳಿಯ ಕಡಿಯಂನಿಂದ ತರಿಸುವುದುಂಟು. ದೊಡ್ಡ ಗಿಡಕ್ಕೆ ಸಾಗಾಟ, ಇಳಿಸುವ ಕೂಲಿ ಬೇರೆ, ಮೊದಲೇ ಮಾತಾಡಿಕೊಳ್ಳಿ. ಮಣ್ಣಿನ ಹೆಂಟೆ ಒಡೆದು ಬೇರು ಬಯಲಾದ ಗಿಡವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಇಳಿಸಿಕೊಳ್ಳಬೇಡಿ.