ಸಾವಿರದ ಕೊಡ, ನಾಲ್ಕು ಚೊಂಬು

ಫೈನಲ್ ಫ್ಯಾಂಟಸಿ 11 ಎಂಬ ಜಪಾನೀ ಆನ್‌ಲೈನ್ ಆಟದಲ್ಲಿ ಬೀಸಿದ ಕತ್ತಿ ವೈರಿಗೆ ತಗುಲಿದಾಗಲೆಲ್ಲ ಆಟಗಾರನ ಲೆಕ್ಕಕ್ಕೆ ಒಂದಿಷ್ಟು ಅಂಕ ಜಮೆಯಾಗುತ್ತದೆ. ಇದನ್ನು ಟಿಪಿ ಎನ್ನುತ್ತಾರೆ. 1000 ಟಿಪಿ ಸೇರಿದರೆ ‘ವೆಪನ್ ಸ್ಕಿಲ್’ ಎಂಬ ದೊಡ್ಡ ಏಟು ಕೊಡಬಹುದು. 3000ಕ್ಕಿಂತ ಹೆಚ್ಚು ಕೂಡಿಡಲಾಗದು. 2002ರ ಮೇ ತಿಂಗಳಲ್ಲಿ ಜಪಾನಿನಲ್ಲಿ ಪ್ಲೇಸ್ಟೇಷನ್ 2ಕ್ಕೆಂದು ಬಿಡುಗಡೆಯಾದ ಈ ಆಟವನ್ನು ಈಗ ವಿಂಡೋಸ್ ಕಂಪ್ಯೂಟರುಗಳಲ್ಲಿ ಆಡುತ್ತಾರೆ. ಕತ್ತಿವರಸೆಯವರ ಹಾನಿಯಲ್ಲಿ ಬಹುಪಾಲು ಈ ದೊಡ್ಡ ಏಟಿನಿಂದಲೇ ಬರುವುದರಿಂದ, ಎಷ್ಟು ಪೆಟ್ಟಿಗೆ ಸಾವಿರ ತುಂಬುತ್ತದೆ ಎಂಬ ಲೆಕ್ಕದಲ್ಲಿ ಪಳಗಿದ ಆಟಗಾರರು ಮುಳುಗಿರುತ್ತಾರೆ.

ಕೊಡ ಬೇಗ ತುಂಬಬೇಕಾದರೆ ದೊಡ್ಡ ಚೊಂಬಿನಲ್ಲಿ ಸುರಿಯಬೇಕು, ಇಲ್ಲವೇ ಬೇಗಬೇಗ ಸುರಿಯಬೇಕು. ಆಟದಲ್ಲಿ ಚೊಂಬನ್ನು ಹಿಗ್ಗಿಸುವ ಗುಣದ ಹೆಸರು ‘ಸ್ಟೋರ್ ಟಿಪಿ’, ಕೈಚುರುಕಿನ ಹೆಸರು ‘ಹೇಸ್ಟ್’. ಇವೆರಡನ್ನೂ ಆಟಗಾರ ಒಂದಿಷ್ಟು ಉಡುಪು, ಆಭರಣಗಳಿಂದ ಪಡೆಯುತ್ತಾನೆ. ಉಳಿದದ್ದು ಆರು ಜನರ ಪಾರ್ಟಿಯಲ್ಲಿ ಜೊತೆಗಾರರು ಕೊಡುವ ಬಫ್‌ಗಳಿಂದ, ಅಂದರೆ ಸ್ವಲ್ಪ ಹೊತ್ತು ನಿಲ್ಲುವ ಬಲಗಳಿಂದ, ಬರಬೇಕು. ಈ ಬಫ್‌ಗಳಿಗೆ ನಿಗದಿಯಾದ ಬೆಲೆಯಿಲ್ಲ. ಪಾರ್ಟಿಯಲ್ಲಿ ಆಗಲೇ ಏನಿದೆ ಎಂಬುದರ ಮೇಲೆ ಅದೇ ಬಫ್ ಒಮ್ಮೆ ಚಿನ್ನವಾಗುತ್ತದೆ, ಒಮ್ಮೆ ದಂಡವಾಗುತ್ತದೆ.

ಸಮುರಾಯ್ ಕಸುಬು ಆರಿಸಿಕೊಂಡ ಆಟಗಾರನೊಬ್ಬನನ್ನೇ ತೆಗೆದುಕೊಳ್ಳಬಹುದು. ಅವನ ಕೈಯಲ್ಲಿ ‘ಡಿಲೇ’ 450 ಇರುವ ದೊಡ್ಡ ಕಟಾನ. ಡಿಲೇ 60 ಎಂದರೆ ಒಂದು ಸೆಕೆಂಡು. ಹಾಗಾಗಿ ಯಾವ ನೆರವೂ ಇಲ್ಲದಿದ್ದರೆ ಏಳೂವರೆ ಸೆಕೆಂಡಿಗೊಂದು ಪೆಟ್ಟು. ಈ ಆಯುಧಕ್ಕೆ ಪೆಟ್ಟಿಗೆ 127 ಟಿಪಿ ಸಿಗುತ್ತದೆ, ಅಂದರೆ ಸಾವಿರಕ್ಕೆ ಎಂಟು ಪೆಟ್ಟು. ಸ್ಟೋರ್ ಟಿಪಿ 58 ಆದರೆ ಪೆಟ್ಟಿಗೆ 200, ಐದಕ್ಕೆ ಮುಗಿಯಿತು. 97 ಆದರೆ ಪೆಟ್ಟಿಗೆ 250, ನಾಲ್ಕೇ ಸಾಕು. ದೊಡ್ಡ ಏಟು ತಗುಲಿದಾಗ ಅದೂ ಒಂದು ಪೆಟ್ಟಿನಷ್ಟು ಟಿಪಿ ಹಿಂದಿರುಗಿಸುವುದರಿಂದ, ನಾಲ್ಕರ ಲೆಕ್ಕವೆಂದರೆ ನಡುವೆ ಮೂರೇ ಪೆಟ್ಟು. ತಮಾಷೆಯೆಂದರೆ 58ಕ್ಕೂ 96ಕ್ಕೂ ಈ ಎಣಿಕೆಯಲ್ಲಿ ವ್ಯತ್ಯಾಸವೇ ಇಲ್ಲ. ಎರಡರಲ್ಲೂ ಐದು ಪೆಟ್ಟು ಬೇಕು. ಒಂದೇ ಅಂಕ ಕಡಿಮೆ ಬಿದ್ದು ಮೆಟ್ಟಿಲು ತಪ್ಪಿದರೆ ನಡುವೆ ಕೂಡಿಸಿದ ಮೂವತ್ತೆಂಟು ಅಂಕವೂ ನೀರಿನಲ್ಲಿ ಹೋಮ. ಒಂದು ಬೀಸಿಗೆ ಎರಡು, ಮೂರು ಪೆಟ್ಟು ಬೀಳಿಸುವ ಉಡುಪುಗಳು ಬಂದ ಮೇಲೆ ಈ ಮೆಟ್ಟಿಲುಗಳ ಅಂಚು ಸ್ವಲ್ಪ ಮೊಂಡಾಗಿದೆ, ಅಷ್ಟೆ.

ಈ ಮೆಟ್ಟಿಲು ಹತ್ತಿಸುವವನು ಕೋರ್ಸೇರ್, ದಾಳ ಉರುಳಿಸುವ ಕಡಲ್ಗಳ್ಳ. ಅವನ ‘ಸಮುರಾಯ್ ರೋಲ್’ ಇಡೀ ಪಾರ್ಟಿಗೆ ಸ್ಟೋರ್ ಟಿಪಿ ಹಂಚುತ್ತದೆ. ದಾಳವನ್ನು ಮತ್ತೆ ಮತ್ತೆ ಉರುಳಿಸಿ ಮೊತ್ತ ಏರಿಸಬಹುದು. 11 ಬಂದರೆ 40 ಅಂಕ, 11 ದಾಟಿದರೆ ಇದ್ದದ್ದೂ ಹೋಯಿತು. ಈ ರೋಲಿಗೆ 2 ಅದೃಷ್ಟದ ಸಂಖ್ಯೆ, 32 ಅಂಕ ತರುತ್ತದೆ. 6 ಅಪಶಕುನ, ನಾಲ್ಕೇ ಅಂಕ. ಪಾರ್ಟಿಯಲ್ಲಿ ಸಮುರಾಯ್ ಇದ್ದರೆ ಇನ್ನೊಂದು ಹತ್ತು ಸೇರುತ್ತದೆ. ನಮ್ಮ ಸಮುರಾಯ್‌ಗೆ 99ನೇ ಹಂತದಲ್ಲಿ ಕಸುಬಿನಿಂದಲೇ 30 ಇದೆ. ದಾಳ 2ಕ್ಕೆ ನಿಂತರೆ ಒಟ್ಟು 72, ಇನ್ನುಳಿದ 25ನ್ನಷ್ಟೇ ಉಡುಪಿನಿಂದ ಹೊಂದಿಸಿದರಾಯಿತು. ಕೋರ್ಸೇರ್ ಇಲ್ಲದಿದ್ದರೆ ಉಡುಪೇ 67 ಹೊರಬೇಕು, ಹಾನಿ ಹೆಚ್ಚಿಸುವ ಉಡುಪಿಗೆ ಜಾಗವೇ ಉಳಿಯುವುದಿಲ್ಲ.

ಹೇಸ್ಟ್‌ನ ಸ್ವಭಾವ ಬೇರೆ. ಅದಕ್ಕೆ ಮೂರು ಗೂಡುಗಳಿವೆ: ಮಂತ್ರ ಮತ್ತು ಹಾಡಿನಿಂದ ಶೇ. 43.75, ಉಡುಪಿನಿಂದ ಶೇ. 25, ಕಸುಬಿನ ಕೌಶಲದಿಂದ ಶೇ. 25. ಎಲ್ಲ ಸೇರಿಸಿದರೂ ಕಾಯುವ ಸಮಯ ಶೇ. 80ಕ್ಕಿಂತ ಹೆಚ್ಚು ಇಳಿಯದು. ಬರಿಗೈಯಲ್ಲಿರುವವನಿಗೆ ಶೇ. 10 ಹೇಸ್ಟ್ ಕೊಟ್ಟರೆ ಪೆಟ್ಟುಗಳು ಶೇ. 11ರಷ್ಟು ಹೆಚ್ಚುತ್ತವೆ. ಮೊದಲೆರಡು ಗೂಡು ತುಂಬಿದವನ ಕಾಯುವ ಸಮಯ ಆಗಲೇ ಶೇ. 31.25ಕ್ಕೆ ಇಳಿದಿರುತ್ತದೆ. ಅವನು ಸಮುರಾಯ್‌ನ ‘ಹಸ್ಸೊ’ ಭಂಗಿಯಿಂದ ಅದೇ ಹತ್ತು ಪಡೆದರೆ ಅದು 21.25 ಆಗುತ್ತದೆ, ಪೆಟ್ಟುಗಳು ಶೇ. 47 ಹೆಚ್ಚುತ್ತವೆ. ಕೊನೆಯ ತುತ್ತೇ ಇಲ್ಲಿ ಹೆಚ್ಚು ರುಚಿ. ಅದರ ಮೇಲೆ ಡ್ಯಾನ್ಸರ್ ‘ಹೇಸ್ಟ್ ಸಾಂಬಾ’ ಹಾಕಿದರೆ ಮಿತಿ ಮುಟ್ಟಿ ಒಂದೂವರೆ ಸೆಕೆಂಡಿಗೊಂದು ಪೆಟ್ಟು. ನಾಲ್ಕರ ಲೆಕ್ಕದವನಿಗೆ ನಾಲ್ಕೂವರೆ ಸೆಕೆಂಡಿನಲ್ಲಿ ಕೊಡ ತುಂಬಿತು.

ಗೂಡು ತುಂಬಿದ ಮೇಲೆ ಸುರಿದದ್ದು ಮಾತ್ರ ಚೆಲ್ಲಿಹೋಗುತ್ತದೆ. ರೆಡ್ ಮೇಜ್ ಕೊಡುವ ‘ಹೇಸ್ಟ್ 2’ ಸುಮಾರು ಶೇ. 30. ಅದರ ಜೊತೆ ಬಾರ್ಡ್ ಒಂದು ‘ವಿಕ್ಟರಿ ಮಾರ್ಚ್’ ಹಾಡಿದರೆ ಮಂತ್ರದ ಗೂಡು ತುಂಬುತ್ತದೆ. ಎರಡನೆಯ ಮಾರ್ಚ್ ಹಾಡುವ ಬಾರ್ಡ್ ಗಂಟಲು ದಂಡ ಮಾಡಿಕೊಂಡಂತೆ. ಆ ಜಾಗದಲ್ಲಿ ದಾಳಿಬಲ ಹೆಚ್ಚಿಸುವ ‘ಮಿನುಯೆಟ್’ ಅಥವಾ ಗುರಿ ತಪ್ಪದಂತೆ ಮಾಡುವ ‘ಮ್ಯಾಡ್ರಿಗಲ್’ ಹಾಡಬೇಕು. ತಪ್ಪಿದ ಪೆಟ್ಟಿಗೆ ಟಿಪಿ ಸಿಗುವುದಿಲ್ಲವಾದ್ದರಿಂದ ಮ್ಯಾಡ್ರಿಗಲನ್ನು ಕಡೆಗಣಿಸುವಂತಿಲ್ಲ.

ಎರಡು ಕತ್ತಿ ಹಿಡಿಯುವ ನಿಂಜಾಗೆ ಇನ್ನೊಂದು ತೊಡಕಿದೆ. ಅವನ ‘ಡ್ಯುಯಲ್ ವೀಲ್ಡ್’ ಕೈಯನ್ನು ಚುರುಕುಗೊಳಿಸುತ್ತದೆ, ಆದರೆ ಕುಗ್ಗಿದ ಡಿಲೇಯ ಮೇಲೆಯೇ ಟಿಪಿ ಲೆಕ್ಕವಾಗುವುದರಿಂದ ಚೊಂಬೂ ಕುಗ್ಗುತ್ತದೆ. ಹೇಸ್ಟ್‌ಗೆ ಈ ದೋಷವಿಲ್ಲ. ಮಂತ್ರ ಮತ್ತು ಉಡುಪಿನ ಗೂಡುಗಳು ತುಂಬಿದ್ದರೆ ಡ್ಯುಯಲ್ ವೀಲ್ಡ್ ಶೇ. 36 ಸಾಕು: 31.25ರಲ್ಲಿ ಶೇ. 64 ಎಂದರೆ ಸರಿಯಾಗಿ 20, ಅಲ್ಲಿಗೆ ಮಿತಿ ಬಂತು. ಅದಕ್ಕಿಂತ ಹೆಚ್ಚಿಟ್ಟುಕೊಂಡರೆ ವೇಗ ಏರದು, ಟಿಪಿ ಮಾತ್ರ ಇಳಿಯುತ್ತದೆ. ಹೀಗಾಗಿ ಬಾರ್ಡ್ ಇರುವ ದಿನ ಒಂದು ಉಡುಪು, ಇಲ್ಲದ ದಿನ ಇನ್ನೊಂದು.

ಲೆಕ್ಕದ ಇನ್ನೊಂದು ಮಗ್ಗುಲು ವೈರಿಯ ಕಡೆಗಿದೆ. ಪೆಟ್ಟು ತಿಂದ ರಾಕ್ಷಸನಿಗೂ ಟಿಪಿ ಸೇರುತ್ತದೆ, ಅದು ತುಂಬಿದಾಗ ಅವನೂ ತನ್ನ ದೊಡ್ಡ ವರಸೆ ಬೀಸುತ್ತಾನೆ. ನಾಲ್ವರು ಒಂದೂವರೆ ಸೆಕೆಂಡಿಗೊಮ್ಮೆ ಕುಟ್ಟುತ್ತಿದ್ದರೆ ಅವನ ಕೊಡವೂ ಅಷ್ಟೇ ಬೇಗ ತುಂಬುತ್ತದೆ. ಇದನ್ನು ತಗ್ಗಿಸುವ ಗುಣಕ್ಕೆ ‘ಸಟಲ್ ಬ್ಲೋ’ ಎಂದು ಹೆಸರು. ಮಾಂಕ್‌ಗೆ ಅದು ಕಸುಬಿನಿಂದಲೇ ಬಂದಿರುತ್ತದೆ. ಉಳಿದವರಿಗೆ ವೈಟ್ ಮೇಜ್ ‘ಆಸ್ಪಿಸ್’ ಮಂತ್ರದಿಂದ ಒಂದಿಷ್ಟು ಹಂಚಬಲ್ಲ.