ಮನೆಯಲ್ಲಿ ಪೆಟ್ಟು ತಿನ್ನುವ ವಿದ್ಯಾರ್ಥಿನಿ: ತರಗತಿಯಲ್ಲಿ ನಾವು ಗಮನಿಸಬೇಕಾದದ್ದು

ಬೋಧನಾಭ್ಯಾಸದಲ್ಲಿ ನಾವು ‘ಗಮನವಿಲ್ಲ’, ‘ಗೃಹಪಾಠ ಅಪೂರ್ಣ’ ಎಂದು ಬರೆದುಕೊಳ್ಳುವ ಮಕ್ಕಳಲ್ಲಿ, ಮನೆಯಲ್ಲಿ ಹಿಂಸೆ ಅನುಭವಿಸುವವರೂ ಇರಬಹುದು. ನಾನು ಜೀವಶಾಸ್ತ್ರ ಪಾಠ ಮಾಡಿದ ಒಂಬತ್ತನೇ ತರಗತಿಯಲ್ಲಿ ಅಂಥ ಒಬ್ಬಳಿದ್ದಳು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಬಾಗಿಲು ಧಡ್ ಎಂದರೆ ಅವಳ ತಲೆ ಥಟ್ಟನೆ ಅತ್ತ ತಿರುಗುತ್ತಿತ್ತು. ಅದು ಗಮನದ ಕೊರತೆಯಲ್ಲ, ಅಪಾಯವನ್ನು ಮೊದಲೇ ಗುರುತಿಸಲು ದೇಹ ಕಲಿತ ಎಚ್ಚರ. ಅಡ್ರಿನಲಿನ್, ಕಾರ್ಟಿಸಾಲ್ ಪದೇ ಪದೇ ಏರುತ್ತಿರುವ ಮಗುವಿಗೆ ನೆಮ್ಮದಿಯಾಗಿ ಕೂತು ಪಾಠ ನೆನಪಿಟ್ಟುಕೊಳ್ಳುವುದು ಕಷ್ಟ.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಅಧ್ಯಯನ ಮಾಡಿದರು. ಬಡತನ, ಮನೆಯ ಕಲಹದಂಥ ಹಲವು ಕಷ್ಟಗಳಲ್ಲಿ ಬೆಳೆದವರ ಪೈಕಿ ಸುಮಾರು ಮೂರನೇ ಒಂದು ಭಾಗ ಸಮರ್ಥ ವಯಸ್ಕರಾದರು. ಅವರಿಗೆ ನೆರವಾದ ಅಂಶಗಳಲ್ಲಿ ಒಂದು, ನಂಬಬಹುದಾದ ಒಬ್ಬ ಹಿರಿಯರ ಆಸರೆ. ಅಜ್ಜಿ, ನೆರೆಯವರು, ಕೆಲವೊಮ್ಮೆ ಶಿಕ್ಷಕರು.

ಈರುಳ್ಳಿ ಪೊರೆಯ ಸ್ಲೈಡನ್ನು ಗಾಳಿಗುಳ್ಳೆ ಬರದಂತೆ ಮಾಡಿದವಳು ತರಗತಿಯಲ್ಲಿ ಅವಳೊಬ್ಬಳೇ. ಸೂಕ್ಷ್ಮದರ್ಶಕದ ಉಸ್ತುವಾರಿಯನ್ನು ಅವಳಿಗೇ ಕೊಟ್ಟೆ. ಮೂರನೇ ವಾರ ಸ್ಲೈಡ್ ತೊಳೆಯುತ್ತಾ ಅವಳೇ ಮಾತು ತೆಗೆದಳು. ತಂದೆ ಕುಡಿದು ಬಂದು ತಾಯಿಯನ್ನೂ ಅವಳನ್ನೂ ಹೊಡೆಯುತ್ತಿದ್ದರು. ಒಮ್ಮೆ ನೋಟ್‌ಬುಕ್ ಹರಿದ ಮೇಲೆ ಅವಳು ಪುಸ್ತಕಗಳನ್ನು ಶಾಲೆಯ ಕಪಾಟಿನಲ್ಲೇ ಇಡತೊಡಗಿದ್ದಳು. ಪ್ರಾರ್ಥನೆಗೆ ಮುಕ್ಕಾಲು ಗಂಟೆ ಮೊದಲೇ ಬಂದು ಬರೆಯುತ್ತಿದ್ದಳು. ರಾತ್ರಿ ಗಲಾಟೆ ಶುರುವಾದರೆ ತಮ್ಮನನ್ನು ಕರೆದುಕೊಂಡು ಪಕ್ಕದ ಮನೆಯ ಅಜ್ಜಿಯ ಹತ್ತಿರ ಹೋಗುತ್ತಿದ್ದಳು. ಹದಿನಾಲ್ಕು ವರ್ಷದವಳ ಈ ಏರ್ಪಾಡು ನಮ್ಮ ಎಷ್ಟೋ ಪಾಠಯೋಜನೆಗಳಿಗಿಂತ ಗಟ್ಟಿ! ಆದರೆ ಅದನ್ನು ಹೊಗಳಿ ನಾವು ಸುಮ್ಮನಾದರೆ, ಪೆಟ್ಟು ತಪ್ಪಿಸಿಕೊಳ್ಳುವ ಹೊಣೆಯನ್ನೂ ಅವಳ ತಲೆಗೇ ಕಟ್ಟಿದಂತೆ.

“ಯಾರಿಗೂ ಹೇಳ್ಬೇಡಿ ಮಿಸ್” ಎಂದಳು. ಇಲ್ಲಿ ‘ಆಯ್ತು’ ಎನ್ನುವಂತಿಲ್ಲ. “ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ, ಯಾರಿಗೆಂದು ನಿನಗೆ ಮೊದಲೇ ತಿಳಿಸುತ್ತೇನೆ” ಎಂದೆ. ಮಾರ್ಗದರ್ಶಕ ಶಿಕ್ಷಕಿ ಮತ್ತು ಮುಖ್ಯ ಶಿಕ್ಷಕಿಗೆ ತಿಳಿಸಿದೆ. ಅವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಶಾಲೆಗೇ ಬಂದು ಅವಳೊಂದಿಗೆ ಮಾತನಾಡಿದರು. ‘ಮೊದಲು ತಂದೆಯನ್ನು ಕರೆಸಿ ಬುದ್ಧಿ ಹೇಳೋಣ’ ಎಂಬ ಸಲಹೆಯೂ ಬಂದಿತ್ತು. ಹಾಗೆ ಮಾಡಿದರೆ ಆ ರಾತ್ರಿಯ ಪೆಟ್ಟು ಯಾರಿಗೆ ಬೀಳುತ್ತದೆ ಎಂದು ಮುಖ್ಯ ಶಿಕ್ಷಕಿ ಕೇಳಿದರು. ಅಲ್ಲಿಗೆ ಆ ಮಾತು ನಿಂತಿತು. ಲೈಂಗಿಕ ದೌರ್ಜನ್ಯದ ಸುಳಿವಿದ್ದರಂತೂ 2012ರ ಪೋಕ್ಸೋ ಕಾಯ್ದೆಯಂತೆ ದೂರು ಕೊಡುವುದು ಕಡ್ಡಾಯ.

ನಮ್ಮಂಥ ಪ್ರಶಿಕ್ಷಣಾರ್ಥಿಗಳು ಕೆಲವೇ ವಾರ ಇದ್ದು ಹೊರಟುಬಿಡುತ್ತೇವೆ. ನಾನು ಹೋಗುವ ದಿನವನ್ನು ಅವಳಿಗೆ ಎರಡು ವಾರ ಮೊದಲೇ ಹೇಳಿದ್ದೆ. ಸೂಕ್ಷ್ಮದರ್ಶಕದ ಕಪಾಟಿನ ಕೀಲಿಯನ್ನು ಅವಳೀಗ ಮಾರ್ಗದರ್ಶಕ ಶಿಕ್ಷಕಿಯಿಂದ ಪಡೆಯುತ್ತಾಳೆ.