ಗಾಡಿಯ ಕಂಪ್ಯೂಟರ್ ಕೆಟ್ಟಿತೆನ್ನುವ ಮುನ್ನ ರಿಲೇ ನೋಡಿ



ಕಳೆದ ಕೊಯ್ಲಿನಲ್ಲಿ ಪಟ್ಟನಾಯಕನಹಳ್ಳಿಯಿಂದ ಅಡಿಕೆ ಮೂಟೆ ಹೇರಿಕೊಂಡು ತುಮಕೂರು ಮಾರುಕಟ್ಟೆಗೆ ಹೊರಟ ನಮ್ಮ ಪಿಕಪ್ ಗಾಡಿ ಶಿರಾ ತಲುಪುವ ಮೊದಲೇ ನಿಂತುಬಿಟ್ಟಿತು. ಸ್ವಲ್ಪ ಹೊತ್ತು ಬಿಟ್ಟು ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುವುದು, ಎರಡು ಮೈಲಿ ಹೋಗಿ ಮತ್ತೆ ನಿಲ್ಲುವುದು. ಗ್ಯಾರೇಜಿಗೆ ಎಳೆಸಿಕೊಂಡು ಹೋದೆವು. ಅಲ್ಲಿಯವರು ಸ್ಕ್ಯಾನರ್ ಹಚ್ಚಿ, ಅದರಲ್ಲಿ ಬಂದ ಪಿ 0685 ಎಂಬ ಸಂಖ್ಯೆ ತೋರಿಸಿ, "ಕಂಪ್ಯೂಟರೇ ಹೋಗಿದೆ, ಹೊಸದು ಹಾಕಬೇಕು" ಎಂದರು. ಹೇಳಿದ ಬೆಲೆ ಒಂದು ಮೂಟೆ ಅಡಿಕೆಯ ಹಣಕ್ಕಿಂತ ಹೆಚ್ಚು. ಒಂದು ದಿನ ಅವಕಾಶ ಕೇಳಿ, ನಮ್ಮ ಪಂಪ್‌ಸೆಟ್ಟಿನ ಕೆಲಸ ಮಾಡುವ ಎಲೆಕ್ಟ್ರಿಷಿಯನ್ನರನ್ನೇ ಕರೆಸಿದೆವು.

ಹಿಂದಿನ ಡೀಸೆಲ್ ಜೀಪಿನಲ್ಲಿದ್ದುದು ಮೈಕೋ ಪಂಪು. ಬ್ಯಾಟರಿ ಸತ್ತಿದ್ದರೂ ನಾಲ್ಕು ಜನ ಸೇರಿ ತಳ್ಳಿದರೆ ಹೊರಡುತ್ತಿತ್ತು. 2020ರ ಏಪ್ರಿಲ್ 1ರಿಂದ ಕಡ್ಡಾಯವಾದ ಬಿಎಸ್ 6 ಗಾಡಿಗಳಲ್ಲಿ ಡೀಸೆಲ್ ಯಾವಾಗ, ಎಷ್ಟು ಸಿಡಿಯಬೇಕೆಂಬುದನ್ನು ಕಂಪ್ಯೂಟರೇ ನಿರ್ಧರಿಸುತ್ತದೆ. ಅದಕ್ಕೆ ಕರೆಂಟು ಇಲ್ಲದಿದ್ದರೆ ಎಷ್ಟು ತಳ್ಳಿದರೂ ವ್ಯರ್ಥ. ಈ ಕರೆಂಟನ್ನು ಕೊಡುವುದು ಮುಖ್ಯ ರಿಲೇ.

ಬೋರ್‌ವೆಲ್ಲಿನ ಸ್ಟಾರ್ಟರ್ ಬಲ್ಲವರಿಗೆ ರಿಲೇ ಹೊಸದಲ್ಲ. ಹಸಿರು ಗುಂಡಿ ಒತ್ತಿದಾಗ ಸಣ್ಣ ಕರೆಂಟಿಗೆ ಕಾಯಿಲ್ ಎಳೆದುಕೊಂಡು ದೊಡ್ಡ ಕಾಂಟ್ಯಾಕ್ಟುಗಳು ಕೂಡುತ್ತವೆ, ಮೋಟಾರಿಗೆ ಕರೆಂಟು ಹೋಗುತ್ತದೆ. ಗಾಡಿಯ ರಿಲೇ ಅದರದೇ ಪುಟ್ಟ ತಮ್ಮ. ಬುಡದಲ್ಲಿ ಸಾಮಾನ್ಯವಾಗಿ ನಾಲ್ಕು ಕಾಲು, ಪಕ್ಕದಲ್ಲಿ ಸಂಖ್ಯೆ. 85 ಮತ್ತು 86 ಕಾಯಿಲಿನವು. 30ಕ್ಕೆ ಬ್ಯಾಟರಿಯಿಂದ ಕರೆಂಟು ಬರುತ್ತದೆ, 87ರಿಂದ ಮುಂದಕ್ಕೆ ಹೋಗುತ್ತದೆ. ಕೀಲಿ ತಿರುಗಿಸಿದಾಗ ಹೆಚ್ಚಿನ ಗಾಡಿಗಳಲ್ಲಿ ಕಂಪ್ಯೂಟರು ಕಾಯಿಲಿನ ಒಂದು ತುದಿಯನ್ನು, ಸಾಮಾನ್ಯವಾಗಿ 85ನ್ನು, ಅರ್ಥ್ ಮಾಡುತ್ತದೆ. ಆಗ ಟಿಕ್ ಎಂಬ ಸದ್ದು ಕೇಳಬೇಕು.

ಪಿ 0685 ಎಂದರೆ ಈ ಕಾಯಿಲಿನ ದಾರಿ ಎಲ್ಲೋ ತುಂಡಾಗಿದೆ ಎಂದಷ್ಟೇ ಅರ್ಥ. ದಾರಿಯಲ್ಲಿ ಫ್ಯೂಸ್ ಇದೆ, ರಿಲೇ ಇದೆ, ಸಾಕೆಟ್ ಇದೆ, ತಂತಿ ಇದೆ, ಕಟ್ಟಕಡೆಗೆ ಕಂಪ್ಯೂಟರ್ ಇದೆ. ಹುಡುಕುವುದನ್ನು ಕಡೆಯಿಂದ ಶುರುಮಾಡುವುದು ಯಾವ ನ್ಯಾಯವೋ ನಮಗೆ ತಿಳಿಯದು.

ನಮ್ಮ ಎಲೆಕ್ಟ್ರಿಷಿಯನ್ನರು ಮೊದಲು ನೋಡಿದ್ದು ಬ್ಯಾಟರಿ. ಪೂರ್ತಿ ಚಾರ್ಜ್ ಇದ್ದರೆ ಸುಮಾರು 12.6 ವೋಲ್ಟ್ ತೋರಬೇಕು. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಬಹಳ ಕೆಳಗಿಳಿದರೆ ರಿಲೇ ಟಕಟಕ ಎಂದು ಬಡಿದುಕೊಳ್ಳುತ್ತದೆ, ದೋಷ ರಿಲೇಯದಲ್ಲ. ಅರ್ಥ್ ಪಟ್ಟಿ ಬಿಚ್ಚಿ ತುಕ್ಕು ಉಜ್ಜಿ ಮತ್ತೆ ಬಿಗಿದರು. ಅನಂತರ ರಿಲೇ ಕಿತ್ತು, ಅದೇ ನಂಬರಿನ ಹಾರನ್ ರಿಲೇಯನ್ನು ಅಲ್ಲಿಟ್ಟರು. ಕಾಸು ಖರ್ಚಿಲ್ಲದ ಪರೀಕ್ಷೆ ಇದು. ಆದರೆ ನಂಬರು ತಾಳೆಯಾಗಲೇಬೇಕು. ಕೆಲವು ರಿಲೇಗಳ ಒಳಗೆ ಡಯೋಡ್ ಇರುತ್ತದೆ. ಅದಿರಬೇಕಾದಲ್ಲಿ ಇಲ್ಲದ ರಿಲೇ ಹಾಕಿದರೆ, ಕಾಯಿಲ್ ಬಿಡುವಾಗ ಏಳುವ ವೋಲ್ಟೇಜು ಕಂಪ್ಯೂಟರಿಗೇ ಪೆಟ್ಟು ಕೊಡಬಹುದು.

ಕಿತ್ತ ರಿಲೇಯ 85–86ರ ನಡುವೆ ಮೀಟರು 80 ಓಮ್ ಚಿಲ್ಲರೆ ತೋರಿಸಿತು. 12 ವೋಲ್ಟಿನ ಇಂಥ ಕಾಯಿಲಿಗೆ 50ರಿಂದ 120ರೊಳಗೆ ಇದ್ದರೆ ಸರಿ. 30–87ರ ಕಾಂಟ್ಯಾಕ್ಟುಗಳ ವಿಷಯದಲ್ಲಿ ಮಾತ್ರ ಓಮ್ ನೋಡಿ ನಂಬಕೂಡದು. ಮೀಟರು ಹರಿಸುವುದು ಅತಿ ಸಣ್ಣ ಕರೆಂಟು, ಸುಟ್ಟ ಕಾಂಟ್ಯಾಕ್ಟಿನಲ್ಲೂ ಅದು ದಾಟಿಬಿಡುತ್ತದೆ. ಎಂಜಿನ್ ಓಡುತ್ತಿರುವಾಗ ಆ ಎರಡು ಕಾಲುಗಳ ನಡುವೆ ವೋಲ್ಟ್ ಅಳೆಯಬೇಕು. ಅರ್ಧ ವೋಲ್ಟ್ ದಾಟಿದರೆ ಕಾಂಟ್ಯಾಕ್ಟು ಸವೆದಿದೆ ಎಂದು ತಿಳಿಯತಕ್ಕದ್ದು.

ಬಿಸಿಯಾದಾಗ ಮಾತ್ರ ನಿಲ್ಲುವ ಗಾಡಿಯ ಬಗ್ಗೆ ಒಂದು ಮಾತು. 1980–90ರ ದಶಕಗಳ ಹೊಂಡಾ ಕಾರುಗಳಲ್ಲಿ ಮುಖ್ಯ ರಿಲೇಯೊಳಗಿನ ಬೆಸುಗೆ ಬಿರುಕು ಬಿಟ್ಟು, ಬಿಸಿಲಿನಲ್ಲಿ ನಿಲ್ಲಿಸಿದ ಕಾರು ಸ್ಟಾರ್ಟ್ ಆಗದೆ, ತಣ್ಣಗಾದ ಮೇಲೆ ಹೊರಡುತ್ತಿತ್ತು. ಈ ದೋಷ ಹೊರದೇಶಗಳಲ್ಲೂ ಹೆಸರುವಾಸಿ. ಶಿರಾ, ಪಾವಗಡದ ಬಿಸಿಲಿನಲ್ಲಿ ಇದನ್ನು ಮರೆಯುವಂತಿಲ್ಲ. ಮಲೆನಾಡಿನ ಕಾಫಿ ಬೆಳೆಗಾರರಿಗೆ ಮಳೆಗಾಲದ ತೇವದಿಂದ ಕಾಲುಗಳಿಗೆ ಹಸಿರು ಕಿಲುಬು ಹಿಡಿಯುವ ಕಾಟವೇ ಹೆಚ್ಚು.

ನಮ್ಮ ಗಾಡಿಯಲ್ಲಿ ರಿಲೇ ಬದಲಿಸಿದರೂ ರೋಗ ಹೋಗಲಿಲ್ಲ! ಆಗ ಸಾಕೆಟ್ಟಿನ ಸರದಿ. 30ರಲ್ಲಿ 12 ವೋಲ್ಟ್ ಇತ್ತು, 86ರಲ್ಲೂ ಇತ್ತು. 85ರ ತೂತು ಅಗಲವಾಗಿ ಕಾಲನ್ನು ಹಿಡಿಯುತ್ತಲೇ ಇರಲಿಲ್ಲ. ಹಿಂದೆ ಯಾರೋ ಟೆಸ್ಟರಿನ ದಪ್ಪ ತುದಿಯನ್ನು ತುರುಕಿದ್ದಿರಬೇಕು. ರಸ್ತೆಯ ಕುಲುಕಾಟಕ್ಕೆ ಕಾಲು ತಪ್ಪಿದಾಗಲೆಲ್ಲ ಎಂಜಿನ್ ನಿಲ್ಲುತ್ತಿತ್ತು. ಹೊಸ ಟರ್ಮಿನಲ್ ಹಾಕಿಸಿದೆವು. ಗಾಡಿ ಇಂದಿಗೂ ಹಳೆಯ ಕಂಪ್ಯೂಟರಿನಲ್ಲೇ ಓಡುತ್ತಿದೆ.

ಸ್ವತಃ ನೋಡಬಯಸುವವರು ಸಾಕೆಟ್ಟಿಗೆ ತೆಳು ಪಿನ್ನನ್ನೇ ಬಳಸಬೇಕು, ಕಂಪ್ಯೂಟರಿನ ತಂತಿಗೆ ಬಲ್ಬಿನ ಟೆಸ್ಟ್ ಲ್ಯಾಂಪು ಹಚ್ಚಕೂಡದು. ಕೀಲಿ ಹಾಕಿದಾಗ ಎಂಜಿನ್ ದೀಪವೇ ಹೊತ್ತದೆ ಸ್ಕ್ಯಾನರೂ ಮಾತಾಡದಿದ್ದರೆ ಫ್ಯೂಸು, ಮುಖ್ಯ ರಿಲೇ, ಅರ್ಥ್ ಇವನ್ನೇ ಮೊದಲು ಶಂಕಿಸಬೇಕು. ಇವೆಲ್ಲ ಸರಿಯಿದ್ದು, ಸಾಕೆಟ್ಟಿನಿಂದ ಕಂಪ್ಯೂಟರಿನವರೆಗಿನ ತಂತಿಯನ್ನು ಇಲಿ ಕಡಿದಿಲ್ಲವೆಂದು ಖಚಿತವಾದ ಮೇಲೂ 85 ಅರ್ಥ್ ಆಗದಿದ್ದರೆ, ಆಗ ಕಂಪ್ಯೂಟರಿನ ಮಾತನ್ನು ಗ್ಯಾರೇಜಿನವರೊಡನೆ ಆಡಬಹುದು.